ಬೌಲ್ಡರಿಂಗ್ ಕ್ಯಾಂಪಿಗೆ ಹಣ ಕಟ್ಟುವ ಮೊದಲು ಬಂಡೆಯ ಬುಡದಲ್ಲಿ ಏನು ಹಾಸುತ್ತಾರೆಂದು ಕೇಳಿ

ಚಿತ್ರದುರ್ಗದ ಸುತ್ತ ‘ಔಟ್‌ಡೋರ್ ಬೌಲ್ಡರಿಂಗ್ ಕ್ಯಾಂಪ್’ ಎಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಜಾಹೀರಾತನ್ನು ನೋಡಿ ಹಣ ಕಟ್ಟಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ದಾವಣಗೆರೆಯಿಂದ ನಾನು, ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ತಲಾ 2,800 ರೂಪಾಯಿ ಮುಂಗಡವಾಗಿಯೇ ಕೊಟ್ಟು ಹೋಗಿದ್ದೆವು. ಹುಡುಗ ಈಗ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾನೆ, ಹಣ ತೆಗೆದುಕೊಂಡವರು ಫೋನ್ ಎತ್ತುತ್ತಿಲ್ಲ, ಅಕ್ಕನ ಮುಂದೆ ಹೋಗಿ ನಿಲ್ಲಲು ನನಗೆ ಮುಖವಿಲ್ಲದಂತಾಗಿದೆ.

ಬೌಲ್ಡರಿಂಗ್ ಎಂದರೆ ಸಾಮಾನ್ಯವಾಗಿ ನಾಲ್ಕೈದು ಮೀಟರ್ ಮೀರದ ಬಂಡೆಗಳನ್ನು ಹಗ್ಗವಿಲ್ಲದೆ ಹತ್ತುವುದು. ಹಗ್ಗವಿಲ್ಲದ ಮೇಲೆ ಕೈ ಜಾರಿದ ಪ್ರತಿ ಸಲವೂ ಮನುಷ್ಯ ಬೀಳುವುದು ನೆಲಕ್ಕೇ. ಅದಕ್ಕಾಗಿಯೇ ಕೆಳಗೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಮೆತ್ತೆ ಹಾಸುತ್ತಾರೆ, ಅದಕ್ಕಾಗಿಯೇ ಹತ್ತುವವನ ಹಿಂದೆ ಕೈಚಾಚಿ ಒಬ್ಬ ಸ್ಪಾಟರ್ ನಿಂತಿರುತ್ತಾನೆ. ನಮ್ಮ ಸೀಮೆಯಲ್ಲಿ ಬಂಡೆಗೇನೂ ಬರವಿಲ್ಲ, ಕಲ್ಲನ್ನು ಮುಟ್ಟಲು ಯಾರಿಗೂ ದುಡ್ಡು ಕೊಡಬೇಕಾಗಿಯೂ ಇಲ್ಲ. ನಾವು ಕೊಟ್ಟ ದುಡ್ಡು ಆ ಪ್ಯಾಡಿಗೆ, ಆ ಸ್ಪಾಟರ್‌ಗೆ ಮತ್ತು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಬಲ್ಲವರ ತಿಳಿವಳಿಕೆಗೆ. ಆ ಮೂರೂ ಅಲ್ಲಿರಲಿಲ್ಲ.

ಜಾಹೀರಾತಿನಲ್ಲಿ ‘ದುರ್ಗದ ಕೋಟೆಯ ಬಂಡೆಗಳ ಮೇಲೆ’ ಎಂದಿತ್ತು. ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಅಲ್ಲಿಗೆ ಅನುಮತಿ ಇದೆಯೇ ಎಂದು ನಾನು ಮೊದಲೇ ಕೇಳಿದ್ದೆ. ‘ಎಲ್ಲಾ ಮಾತಾಡಿದೀವಿ ಸರ್, ನೀವು ಬರ್ರಿ ಸುಮ್ನೆ’ ಎಂದಿದ್ದರು. ಕರೆದುಕೊಂಡು ಹೋದದ್ದು ಕೋಟೆಗಲ್ಲ, ಹೆದ್ದಾರಿಯಿಂದ ಒಳಗೆ ಯಾರದೋ ಹೊಲದಾಚೆಯ ಗುಡ್ಡಕ್ಕೆ. ಹೊಲದ ಯಜಮಾನರು ಬಂದು ‘ಯಾರನ್ನ ಕೇಳಿ ಬಂದ್ರಿ?’ ಎಂದಾಗ ಉತ್ತರ ಕೊಡಲು ಆಯೋಜಕರು ಮುಂದೆ ಬರಲಿಲ್ಲ. ವಯಸ್ಸಾದ ಆ ಹಿರಿಯರ ಮುಂದೆ ನಾವೇ ತಲೆತಗ್ಗಿಸಿ ನಿಂತೆವು. ಇನ್ನು ಜಾಹೀರಾತಿನ ಫೋಟೊಗಳು. ದಪ್ಪ ಪ್ಯಾಡುಗಳನ್ನು ಒತ್ತೊತ್ತಾಗಿ ಹಾಸಿದ್ದ ಆ ಚಿತ್ರವನ್ನು ಸ್ಥಳದಲ್ಲಿ ನಿಂತು ಮತ್ತೆ ತೆರೆದು ನೋಡಿದಾಗ ಹಿಂದೆ ಹಸಿರು ಗದ್ದೆ, ಬಾಳೆ ತೋಟ, ತೆಂಗಿನ ಸಾಲು ಕಂಡವು. ಅದು ತುಂಗಭದ್ರೆಯ ದಡದ ಹಂಪಿ. ನಮ್ಮ ಸುತ್ತ ಕುರುಚಲು ಮುಳ್ಳುಗಿಡ, ಒಣಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಮೋಸ ಹೋದೆವು ಎಂದು ಹೊಟ್ಟೆಯೊಳಗೆ ಚುರುಕ್ ಎಂದದ್ದು ಆ ಕ್ಷಣದಲ್ಲಿ.

ಪ್ಯಾಡ್ ಎಂದು ಅವರು ವ್ಯಾನಿನಿಂದ ಇಳಿಸಿದ್ದು ರೆಕ್ಸಿನ್ ಹೊದಿಕೆಯ, ಮಡಚುವ ಹಳೆಯ ಸ್ಪಂಜಿನ ಹಾಸಿಗೆ, ಅದೂ ಒಂದೇ ಒಂದು. ಹೆಬ್ಬೆರಳಿನಿಂದ ಒತ್ತಿದರೆ ಕೆಳಗಿನ ಕಲ್ಲು ಬೆರಳಿಗೆ ತಗಲುತ್ತಿತ್ತು. ನಿಜವಾದ ಕ್ರ್ಯಾಶ್ ಪ್ಯಾಡಿನಲ್ಲಿ ಮೇಲೆ ಗಟ್ಟಿ ಫೋಮ್, ಕೆಳಗೆ ಮೆತ್ತನೆಯ ಫೋಮ್ ಇರುತ್ತದೆ. ಮೇಲಿನ ಪದರ ಬಿದ್ದವನ ಭಾರವನ್ನು ಹರಡುತ್ತದೆ, ಕೆಳಗಿನದು ಅದನ್ನು ನುಂಗುತ್ತದೆ, ಎರಡೂ ಸೇರಿ ಸುಮಾರು ಹತ್ತು ಸೆಂಟಿಮೀಟರ್ ದಪ್ಪ. ಇದನ್ನು ನಾನು ಕೇಳಿದೆ, ಎರಡು ಸಲ ಕೇಳಿದೆ. ‘ಔಟ್‌ಡೋರ್ ಅಂದ್ರೆ ಹಂಗೇ ಇರೋದು ಸರ್, ಜಿಮ್ ಥರ ಇರಲ್ಲ’ ಎಂದರು. ಜಿಮ್ಮಿನಲ್ಲಿ ಹತ್ತಲೆಂದೇ ಕಟ್ಟಿದ ಒಳಾಂಗಣದ ಗೋಡೆಯ ಕೆಳಗೆ ನೆಲವಿಡೀ ಮೆತ್ತೆ ಇರುತ್ತದೆ, ಹೊರಗಿನ ಬಂಡೆಯ ಕೆಳಗೆ ಕಲ್ಲು, ಬೇರು, ಇಳಿಜಾರು ಇರುತ್ತವೆ. ಆದ್ದರಿಂದ ಹೊರಗೆ ಪ್ಯಾಡ್ ಹೆಚ್ಚು ಬೇಕೇ ಹೊರತು ಕಡಿಮೆಯಲ್ಲ. ಈ ಮಾತಿಗೆ ಅವರ ಉತ್ತರವೇನು ಗೊತ್ತೇ? ‘ನಮ್ಮೂರಿನ ಕೋತಿರಾಜ ಏನೂ ಇಲ್ದೆ ಕೋಟೆ ಗೋಡೆ ಹತ್ತಲ್ವಾ ಸರ್, ಇಷ್ಟೆತ್ತರದ ಕಲ್ಲಿಗೆ ಹೆದರ್ತೀರಲ್ಲ!’ ಕೋತಿರಾಜ ಎಂದೇ ಹೆಸರಾದ, ವರ್ಷಗಟ್ಟಲೆ ಆ ಗೋಡೆಗಳ ಮೇಲೆಯೇ ಅಭ್ಯಾಸ ಮಾಡಿದ ಜ್ಯೋತಿರಾಜ್ ಅವರ ಹೆಸರನ್ನು ತಮ್ಮ ಬೇಜವಾಬ್ದಾರಿಗೆ ಗುರಾಣಿ ಮಾಡಿಕೊಂಡ ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿ ಕೊರೆಯುತ್ತಿದೆ.

ಬೆಳಗ್ಗೆ ಆರೂವರೆಗೆ ಆರಂಭ ಎಂದಿದ್ದವರು ಬಂಡೆಯ ಬಳಿ ತಲುಪಿಸುವಾಗ ಹನ್ನೊಂದಾಗಿತ್ತು. ಏಪ್ರಿಲ್ ತಿಂಗಳ ಬಿಸಿಲಿಗೆ ಗ್ರಾನೈಟ್ ಕಾದು ಅಂಗೈ ಬೆವರುತ್ತದೆ, ಬೆವರಿದ ಕೈ ಜಾರುತ್ತದೆ; ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪು ದಿನಗಳಲ್ಲಿ ಇದೇ ಕಲ್ಲು ಹಿಡಿತ ಕೊಡುವುದು. ಅಕ್ಕನ ಮಗ ಮೇಲಿನ ಅಂಚಿಗೆ ಕೈ ಹಾಕಿ ಜಾರಿದಾಗ ಸ್ಪಾಟರ್ ಆಗಿ ಹಿಂದೆ ನಿಲ್ಲಬೇಕಾಗಿದ್ದವನು ಎರಡು ಮಾರು ದೂರದಲ್ಲಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಅವನು ವ್ಯಾನಿನ ಡ್ರೈವರ್ ಎಂದು ಆಮೇಲೆ ತಿಳಿಯಿತು. ಬೀಳುವವರನ್ನು ಎತ್ತಿ ಹಿಡಿಯುವುದು ಸ್ಪಾಟರ್ ಕೆಲಸವಲ್ಲ, ಸೊಂಟಕ್ಕೋ ಬೆನ್ನಿಗೋ ಕೈಕೊಟ್ಟು ತಲೆ ಕಲ್ಲಿಗೆ ಬಡಿಯದಂತೆ, ದೇಹ ಪ್ಯಾಡಿನ ಮೇಲೆಯೇ ಬೀಳುವಂತೆ ತಿರುಗಿಸುವುದು. ಅಷ್ಟನ್ನೂ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹುಡುಗನ ಎಡಗಾಲು ಹಾಸಿಗೆಯ ಮಡಿಕೆಯ ಸಂದಿಗೆ ಸರಿಯಾಗಿ ಇಳಿದು, ಸ್ಪಂಜು ಇಬ್ಭಾಗವಾಗಿ ಸರಿದು, ಪಾದ ಒಳಕ್ಕೆ ಹೊರಳಿತು. ‘ಮಾಮ’ ಎಂದು ಒಂದೇ ಸಲ ಕೂಗಿದ. ಎಕ್ಸ್‌ರೇಯಲ್ಲಿ ಮೂಳೆ ಬಿರುಕು ಬಿಟ್ಟಿದೆ.

ಆಮೇಲಿನ ಮಾತುಕತೆ ಇನ್ನೂ ಅಸಹ್ಯ. ಹಣ ವಾಪಸ್ ಕೇಳಿದರೆ ‘ಫಾರ್ಮಿಗೆ ಸೈನ್ ಹಾಕಿದೀರಲ್ಲ ಸರ್’ ಎಂದರು. ಆಸ್ಪತ್ರೆಯ ಬಿಲ್ ಕಳಿಸಿದರೆ ‘ನಿಮ್ಮ ಹುಡುಗ ಹೇಳಿದ ಮಾತು ಕೇಳಲಿಲ್ಲ’ ಎಂದರು. ಪ್ಯಾಡ್ ಎಲ್ಲಿತ್ತು ಎಂದು ಗುಂಪಿನಲ್ಲಿಯೇ ಕೇಳಿದೆ. ಉತ್ತರ ಬರಲಿಲ್ಲ, ನನ್ನನ್ನು ಗುಂಪಿನಿಂದ ತೆಗೆದುಹಾಕಿದರು.

ಇಷ್ಟಾದ ಮೇಲೂ ಹೊರಗಿನ ಬಂಡೆ ಹತ್ತುವುದು ಪಡುವ ಕಷ್ಟಕ್ಕೆ ತಕ್ಕದ್ದೇ ಎಂದು ಕೇಳಿದರೆ ಹೌದೆಂದೇ ಹೇಳುತ್ತೇನೆ, ಏಕೆಂದರೆ ನನ್ನ ಸಿಟ್ಟು ಬಂಡೆಯ ಮೇಲಲ್ಲ. ಹುಡುಗ ಬೀಳುವ ಮೊದಲು ಒಂದು ಗಿಡ್ಡ ಬಂಡೆಯನ್ನು ನಾನೂ ಹತ್ತಿದ್ದೆ. ಒಳಾಂಗಣದ ಗೋಡೆಯ ಮೇಲೆ ಬಣ್ಣದ ಹಿಡಿಗಳು ದಾರಿ ತೋರಿಸುತ್ತವೆ. ಇಲ್ಲಿ ಕಲ್ಲಿನ ಹರಳುಗಳನ್ನು ಬೆರಳಿನಿಂದ ತಡಕಿ, ಏನೂ ಇಲ್ಲವೆನ್ನಿಸುವ ಇಳಿಜಾರಿನಲ್ಲಿ ಪಾದವನ್ನು ಒತ್ತಿ ನಂಬಿ ನಿಲ್ಲಬೇಕು. ಆ ಸುಖಕ್ಕೆ ಬೆರಳ ತುದಿಯ ಚರ್ಮ ಕಿತ್ತುಹೋದರೂ ಬೇಸರವಿಲ್ಲ. ಅಂಥದ್ದನ್ನು ಹಾಳು ಮಾಡಿದರಲ್ಲ ಎಂಬುದೇ ನನ್ನ ಸಂಕಟ.

ಹೋಗುವವರು ಪ್ಯಾಡ್ ಎಷ್ಟಿವೆ, ಎಷ್ಟು ದಪ್ಪ, ಸ್ಪಾಟರ್ ಯಾರು, ಜಾಗ ಯಾರದು, ಬಂಡೆಯ ಮೇಲಿಂದ ಇಳಿಯುವ ದಾರಿ ಯಾವುದು ಎಂಬುದನ್ನು ಬರಹದಲ್ಲಿಯೇ ಕೇಳಿ, ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತಿದ್ದೇನೆ. ಘಟನೆ ನಡೆದ ಎರಡು ವರ್ಷದೊಳಗೆ ಅಲ್ಲಿ ದೂರು ಸಲ್ಲಿಸಬಹುದು. ಇದೇ ಜನರ ಕೈಯಲ್ಲಿ ಇದೇ ಪಾಡು ಪಟ್ಟವರು ಇದ್ದರೆ ಯುಪಿಐ ರಸೀದಿ, ಸಂದೇಶಗಳ ಸ್ಕ್ರೀನ್‌ಶಾಟ್, ಆಸ್ಪತ್ರೆ ಚೀಟಿ ಯಾವುದನ್ನೂ ಅಳಿಸಬೇಡಿ, ಬಿಸಾಡಬೇಡಿ. ಒಟ್ಟಿಗೇ ದೂರು ಕೊಡೋಣ.