25 ವರ್ಷದ ವಾರಂಟಿ, ಆರನೇ ವರ್ಷದ ಜಗಳ

ನಮ್ಮ ತಾರಸಿಯ ಮೇಲೆ 12 ಸೋಲಾರ್ ಪ್ಯಾನೆಲ್ ಇವೆ. ಒಂದೊಂದೂ 330 ವ್ಯಾಟ್‌ನದು. ಆರು ವರ್ಷ ತುಂಬಿ ಏಳನೆಯದು ನಡೆಯುತ್ತಿದೆ. ಮೊದಲೆಲ್ಲ ಯಾರಾದರೂ ಕೇಳಿದರೆ "ಚೆನ್ನಾಗಿವೆ, ಹಾಕಿಸಿ" ಅಂತಷ್ಟೇ ಹೇಳುತ್ತಿದ್ದೆ. ಕಳೆದ ವರ್ಷ ವಾರಂಟಿ ಕೇಳಬೇಕಾಗಿ ಬಂತು. ಹಾಗಾಗಿ ಈ ರಿವ್ಯೂ ಪ್ಯಾನೆಲ್‌ಗಿಂತ ಜಾಸ್ತಿ ಅದರ ಜೊತೆ ಬಂದ ಕಾಗದದ ಬಗ್ಗೆ.

ನಾನು 30 ವರ್ಷ ಲೆಕ್ಕ ಬರೆದವಳು. ದಿನಾ ಸಂಜೆ ಇನ್ವರ್ಟರ್ (ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಮುಂದೆ ನಿಂತು ಅವತ್ತಿನ ಯೂನಿಟ್ ನೋಟ್‌ಬುಕ್‌ಗೆ ಇಳಿಸುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ಮಾರುವಾಗ ಹೇಳಿದ್ದು ಒಂದೇ ಮಾತು: "25 ವರ್ಷ ಗ್ಯಾರಂಟಿ ಮೇಡಂ." ಕಾಗದ ಓದಿದರೆ ಅಲ್ಲಿ ಎರಡು ವಾರಂಟಿ ಇವೆ. ಒಂದು ಪ್ರಾಡಕ್ಟ್ ವಾರಂಟಿ, ನಮ್ಮದಕ್ಕೆ 12 ವರ್ಷ. ಗಾಜು, ಫ್ರೇಮ್, ಹಿಂದಿನ ಜಂಕ್ಷನ್ ಬಾಕ್ಸ್, ಒಳಗಿನ ಬೆಸುಗೆ, ಇವು ತಯಾರಿಕೆಯ ತಪ್ಪಿನಿಂದ ಕೆಟ್ಟರೆ ಅದು ಬರುತ್ತದೆ. ಇನ್ನೊಂದು ಪರ್ಫಾರ್ಮೆನ್ಸ್ ವಾರಂಟಿ. 25 ವರ್ಷ ಅನ್ನೋದು ಇದಕ್ಕೆ ಮಾತ್ರ. ಇನ್ವರ್ಟರ್ ಎರಡರಲ್ಲೂ ಇಲ್ಲ. ಅದರ ಕಾರ್ಡ್ ಬೇರೆ, 5 ವರ್ಷದ್ದು, ಮುಗಿದೇ ಹೋಗಿದೆ.

ಪರ್ಫಾರ್ಮೆನ್ಸ್ ವಾರಂಟಿ ಹೇಳುವುದು ಇಷ್ಟು. ಮೊದಲ ವರ್ಷದ ಕೊನೆಗೆ ಪ್ಯಾನೆಲ್ ತನ್ನ ವ್ಯಾಟ್‌ನ 98% ಕೊಡಬೇಕು. ಆಮೇಲೆ ವರ್ಷಕ್ಕೆ 0.55% ಇಳಿಯಬಹುದು. 25ನೇ ವರ್ಷಕ್ಕೆ 84.8%. ಅಂದರೆ ನಮ್ಮ 330 ವ್ಯಾಟ್ ಆಗ 280 ಆಗಿರುತ್ತದೆ, ಅದಕ್ಕಿಂತ ಕಡಿಮೆ ಆಗಬಾರದು. ಮೊದಲ ವರ್ಷವೇ ಯಾಕೆ ಜಾಸ್ತಿ ಇಳಿತ ಅಂದರೆ, ಹೊಸ ಸಿಲಿಕಾನ್‌ಗೆ ಮೊದಲ ಸಲ ಬಿಸಿಲು ತಾಗಿದಾಗ ಒಳಗಿನ ಬೋರಾನ್ ಮತ್ತು ಆಮ್ಲಜನಕ ಸೇರಿಕೊಂಡು ಸ್ವಲ್ಪ ಶಕ್ತಿ ತಿಂದುಬಿಡುತ್ತವೆ. ಈಗ ಬರುತ್ತಿರುವ ಎನ್-ಟೈಪ್ ಪ್ಯಾನೆಲ್‌ಗಳಲ್ಲಿ ಬೋರಾನ್ ಬದಲು ರಂಜಕ ಇರುತ್ತದೆ. ಹಾಗಾಗಿ ಅವುಗಳಿಗೆ ಮೊದಲ ವರ್ಷ 1%, ಆಮೇಲೆ ವರ್ಷಕ್ಕೆ 0.4%, ಒಟ್ಟು 30 ವರ್ಷ ಅಂತ ಬರೆದುಕೊಡುವವರು ಇದ್ದಾರೆ.

ಹಳೆಯ ಕಾಗದಗಳಲ್ಲಿ ಮೆಟ್ಟಿಲಿನ ಲೆಕ್ಕ ಇರುತ್ತಿತ್ತು. 10 ವರ್ಷದವರೆಗೆ 90%, ಆಮೇಲೆ 25ರವರೆಗೆ 80%. ಕೇಳಲು ಚೆನ್ನಾಗಿದೆ. ಆದರೆ 11ನೇ ವರ್ಷಕ್ಕೇ ಪ್ಯಾನೆಲ್ 82%ಗೆ ಬಿದ್ದರೂ ಕಂಪನಿಯ ತಪ್ಪಿಲ್ಲ. ನಮ್ಮ ಇಳಿಜಾರಿನ ಲೆಕ್ಕದಲ್ಲಿ ಆ ವರ್ಷ 92.5% ಇರಲೇಬೇಕು. ಮೆಟ್ಟಿಲಿನ ಕಾಗದ ಕೊಟ್ಟರೆ ಬೇರೆ ಬ್ರಾಂಡ್ ನೋಡಿ.

ಇನ್ನು ನನಗೆ ತಡವಾಗಿ ಅರ್ಥವಾದ ವಿಷಯ. ಈ ಶೇಕಡಾ ಲೆಕ್ಕ ನನ್ನ ನೋಟ್‌ಬುಕ್ಕಿನ ಯೂನಿಟ್‌ಗೆ ಅಲ್ಲವೇ ಅಲ್ಲ. ಅದು ಲ್ಯಾಬ್‌ನ ವ್ಯಾಟ್‌ಗೆ. ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಪ್ಯಾನೆಲ್ ಒಳಗಿನ ಸಿಲಿಕಾನ್ ಬಿಲ್ಲೆಯ, ಅಂದರೆ ಸೆಲ್‌ನ ಬಿಸಿ 25 ಡಿಗ್ರಿ, ಆ ಸ್ಥಿತಿಯಲ್ಲಿ ಅಳೆದದ್ದು ಮಾತ್ರ ಲೆಕ್ಕಕ್ಕೆ. ಸುಡು ಬಿಸಿಲಲ್ಲಿ ಸೆಲ್ 60 ಡಿಗ್ರಿ ಮುಟ್ಟುತ್ತದೆ. ನಮ್ಮ ಪ್ಯಾನೆಲ್‌ಗೆ ಡಿಗ್ರಿಗೆ 0.35% ನಷ್ಟ. 35 ಡಿಗ್ರಿ ಜಾಸ್ತಿ ಆದರೆ 12% ಹೋಯಿತು, 330 ಹೋಗಿ 290. ಇದು ದೋಷ ಅಲ್ಲ, ಸಿಲಿಕಾನ್‌ನ ಗುಣ. ಧೂಳು, ನೆರಳು, ಕರೆಂಟ್ ಹೋದಾಗ ಇನ್ವರ್ಟರ್ ತಾನೂ ನಿಲ್ಲುವುದು, ಯಾವುದೂ ಕಂಪನಿಗೆ ಸಂಬಂಧವಿಲ್ಲ.

ಇದರ ಮೇಲೆ ಅಳತೆಯ ರಿಯಾಯಿತಿ 3%, ಲ್ಯಾಬ್‌ನ ಅಳತೆಯಲ್ಲಿ ಇಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಕಂಪನಿ ಇಟ್ಟುಕೊಂಡದ್ದು. ಆರನೇ ವರ್ಷದ ಗೆರೆ 95.25%, ಅಂದರೆ 314 ವ್ಯಾಟ್. ರಿಯಾಯಿತಿ ಕಳೆದರೆ 305. ಅದಕ್ಕೂ ಕೆಳಗೆ ಬಿದ್ದರೆ ಮಾತ್ರ ಅವರು ಕಾಗದ ಮುಟ್ಟುತ್ತಾರೆ. ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯದವರು ಸುಮಾರು 2000 ಅಳತೆ ಕಲೆಹಾಕಿದಾಗ ಪ್ಯಾನೆಲ್ ಸವೆತದ ನಡುವಿನ ಅಂಕಿ ವರ್ಷಕ್ಕೆ 0.5% ಬಂದಿತ್ತು. ಕಂಪನಿಯ ಗೆರೆಯೂ ಹೆಚ್ಚುಕಮ್ಮಿ ಅಲ್ಲೇ ಇದೆ. ಸುಮ್ನೆ ಕೊಟ್ಟಿಲ್ಲ, ಲೆಕ್ಕ ಹಾಕಿಯೇ ಕೊಟ್ಟಿದ್ದಾರೆ.

ಈಗ ನಮ್ಮ ಕಥೆ. 12 ಪ್ಯಾನೆಲ್ ಆರಾರರಂತೆ ಎರಡು ಸ್ಟ್ರಿಂಗ್, ಅಂದರೆ ಒಂದರ ಹಿಂದೆ ಒಂದು ವೈರ್ ಜೋಡಿಸಿದ ಎರಡು ಸರಣಿ. ಎರಡಕ್ಕೂ ಒಂದೇ ದಿಕ್ಕು, ಒಂದೇ ಓರೆ. ಇನ್ವರ್ಟರ್ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ಐದು ವರ್ಷ ಎರಡರ ನಡುವೆ 1% ಅಂತರವೂ ಇರಲಿಲ್ಲ. ಆರನೇ ವರ್ಷ ಒಂದು ದಿನ ಮೊದಲ ಸ್ಟ್ರಿಂಗ್ ಹಿಂದೆ ಬಿತ್ತು. ಮಾರನೇ ದಿನವೂ ಅಷ್ಟೇ. ತಿಂಗಳ ಸರಾಸರಿ ತೆಗೆದರೆ 5.5% ಕಡಿಮೆ.

ಫೋನ್ ಮಾಡಿದೆ. ಫಿಟ್ಟಿಂಗ್ ಮಾಡಿದವರ ಕಡೆಯ ಹುಡುಗ, "ಈ ಸಲ ಮೋಡ ಜಾಸ್ತಿ ಅಲ್ವಾ ಮೇಡಂ" ಅಂದ. ಮೋಡ ಒಂದು ಸ್ಟ್ರಿಂಗ್ ಮೇಲೆ ಮಾತ್ರ ಬರುತ್ತದೇನಪ್ಪಾ ಅಂತ ಕೇಳಿದೆ. ಹಾಗಾದರೆ ಧೂಳು ಇರಬೇಕು ಅಂದ. ಬಂದು ತೊಳೆದು ಹೋದರು. ಎರಡು ಸ್ಟ್ರಿಂಗೂ ಸ್ವಲ್ಪ ಏರಿದವು. ಅಂತರ ಮಾತ್ರ ಹಾಗೇ ಇತ್ತು.

ಮೂರನೇ ಸಲ ಬೇರೊಬ್ಬ ಎಲೆಕ್ಟ್ರಿಷಿಯನ್‌ನ ನಾನೇ ಕರೆಸಿದೆ. ಇನ್ವರ್ಟರ್ ಮತ್ತು ಡಿಸಿ ಸ್ವಿಚ್ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಒಂದೊಂದೇ ಪ್ಯಾನೆಲ್‌ನ ವೋಲ್ಟೇಜ್ ನೋಡಿದರು. 11 ಪ್ಯಾನೆಲ್ 38 ವೋಲ್ಟ್ ಆಸುಪಾಸು. ಒಂದು ಮಾತ್ರ 25. ಸರಿಯಾಗಿ ಮೂರನೇ ಎರಡು ಭಾಗ. ಪ್ಯಾನೆಲ್‌ನ 60 ಸೆಲ್‌ಗಳು 20ರಂತೆ ಮೂರು ಗುಂಪಾಗಿರುತ್ತವೆ, ಗುಂಪಿಗೊಂದು ಬೈಪಾಸ್ ಡಯೋಡ್. ಆ ಗುಂಪಿಗೆ ನೆರಳು ಬಿದ್ದರೆ ಕರೆಂಟನ್ನು ಪಕ್ಕದಿಂದ ದಾಟಿಸುವ ಭಾಗ ಅದು. ಒಂದು ಡಯೋಡ್ ಶಾರ್ಟ್ ಆಗಿ 20 ಸೆಲ್ ದುಡಿಯುವುದನ್ನೇ ಬಿಟ್ಟಿದ್ದವು. ಸ್ಟ್ರಿಂಗ್‌ನಲ್ಲಿ ಆರು ಪ್ಯಾನೆಲ್, ಒಟ್ಟು 18 ಗುಂಪು. ಹದಿನೆಂಟರಲ್ಲಿ ಒಂದು ಅಂದರೆ ಸುಮಾರು 5.5%. ಆ ಕ್ಷಣ ನನಗೆ ಪ್ಯಾನೆಲ್ ಕೆಟ್ಟ ಬೇಜಾರಿಗಿಂತ ಲೆಕ್ಕ ಕೂಡಿದ ಖುಷಿಯೇ ಜಾಸ್ತಿ ಆಯಿತು!

ಕ್ಲೇಮ್ ಹಾಕುವಾಗ ತಪ್ಪು ಮಾಡಿದೆ. ವಿದ್ಯುತ್ ಕಡಿಮೆ ಬರುತ್ತಿದೆ, ಹಾಗಾಗಿ ಪರ್ಫಾರ್ಮೆನ್ಸ್ ವಾರಂಟಿ ಅಂತ ಬರೆದೆ. ಉತ್ತರ ಬಂತು: ಮಾನ್ಯತೆ ಇರುವ ಲ್ಯಾಬ್‌ನ ಫ್ಲ್ಯಾಶ್ ಟೆಸ್ಟ್ (ಬೆಳಕು ಮಿಂಚಿಸಿ ಪ್ಯಾನೆಲ್‌ನ ವ್ಯಾಟ್ ಅಳೆಯುವ ಪರೀಕ್ಷೆ) ವರದಿ ಕಳಿಸಿ, ಖರ್ಚು ನಿಮ್ಮದು. ಪ್ಯಾನೆಲ್ ಇಳಿಸಿ, ಒಡೆಯದ ಹಾಗೆ ಪ್ಯಾಕ್ ಮಾಡಿ, ಲ್ಯಾಬ್‌ಗೆ ಕಳಿಸಿ, ವರದಿಗೆ ಕಾಯಬೇಕು. ಆ 25 ವರ್ಷದ ಮಾತಿನ ಬೆಲೆ ಇಷ್ಟೇ ಅಂತ ಅವತ್ತು ಗೊತ್ತಾಯಿತು. ನಿಧಾನವಾಗಿ ನಾಲ್ಕೈದು ಶೇಕಡಾ ಸವೆದ ಪ್ಯಾನೆಲ್‌ಗೆ ಯಾರು ಇಷ್ಟೆಲ್ಲ ಓಡಾಡುತ್ತಾರೆ?

ಎರಡನೇ ಪತ್ರದಲ್ಲಿ ದಾರಿ ಬದಲಿಸಿದೆ. ಡಯೋಡ್ ಒಂದು ಬಿಡಿಭಾಗ, ಅದು ಕೆಟ್ಟಿದೆ, ಪ್ರಾಡಕ್ಟ್ ವಾರಂಟಿಯಲ್ಲಿ ಇನ್ನೂ ಆರು ವರ್ಷ ಇದೆ ಅಂತ ಬರೆದೆ. ಜೊತೆಗೆ ಸೀರಿಯಲ್ ನಂಬರ್ ಸ್ಟಿಕ್ಕರ್‌ನ ಪಕ್ಕ ಮೀಟರ್ ಹಿಡಿದ ಫೋಟೋ, ಬಿಲ್, ಸಿಸ್ಟಮ್ ಚಾಲೂ ಆದ ದಿನದ ಕಾಗದ, ನೋಟ್‌ಬುಕ್ಕಿನ ಎರಡು ಪುಟ. ಒಪ್ಪಿಕೊಂಡರು. ಲ್ಯಾಬ್ ಮಾತೇ ಬರಲಿಲ್ಲ.

ಬದಲಿ ಪ್ಯಾನೆಲ್ ಬರಲು 11 ವಾರ. ಕೆಟ್ಟದ್ದು ಬಿಸಿಯಾಗುತ್ತದೆ ಅಂತ ಎಲೆಕ್ಟ್ರಿಷಿಯನ್ ತೆಗೆದಿಟ್ಟಿದ್ದರು. ಆ 11 ವಾರ ಆ ಸ್ಟ್ರಿಂಗ್‌ನಲ್ಲಿ ಐದೇ ಪ್ಯಾನೆಲ್. ಹೋದ ಯೂನಿಟ್ ಯಾರೂ ತುಂಬಿಕೊಡುವುದಿಲ್ಲ. ಸಾಗಣೆ, ಇಳಿಸುವ ಮತ್ತು ಏರಿಸುವ ಕೂಲಿ ಎಲ್ಲ ನಮ್ಮದೇ. ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನೇ ಓದಿರಲಿಲ್ಲ.

ಬಂದದ್ದು 400 ವ್ಯಾಟ್‌ನದು. 330 ಈಗ ತಯಾರಾಗುತ್ತಿಲ್ಲವಂತೆ. ಲಾಭವೇ ಆಯಿತು ಅಂದುಕೊಂಡೆ. ಹಳೆಯದು ಒಂದು ಮೀಟರ್ ಅಗಲ, ಹೊಸದು 1.13 ಮೀಟರ್. ಜಾಗದಲ್ಲಿ ಕೂರಲಿಲ್ಲ. ಸಾಲಿನ ತುದಿಗೆ ಹೊಸ ರೈಲ್ ಜೋಡಿಸಿ ಅಲ್ಲಿ ಕೂರಿಸಿದರು. ಇಷ್ಟಾಗಿ ಅದು 400 ಕೊಡುವುದೂ ಇಲ್ಲ. ಸ್ಟ್ರಿಂಗ್‌ನಲ್ಲಿ ಎಲ್ಲ ಪ್ಯಾನೆಲ್‌ಗೂ ಒಂದೇ ಕರೆಂಟ್ ಹರಿಯಬೇಕು. ಹಳೆಯ ಐದು ಎಷ್ಟು ಬಿಡುತ್ತವೋ ಅಷ್ಟೇ ಇದಕ್ಕೂ.

ಪ್ಯಾನೆಲ್‌ಗೆ 5ಕ್ಕೆ 4 ಕೊಡುತ್ತೇನೆ. ಉಳಿದ 11 ಚೆನ್ನಾಗಿಯೇ ಇವೆ. ವಾರಂಟಿಗೆ 3. ಫಿಟ್ಟಿಂಗ್ ಮಾಡಿದವರಿಗೆ 2, ಆ ಮೋಡದ ಮಾತಿಗೆ ಒಂದು ಕಳೆದಿದ್ದೇನೆ. ಹೊಸದಾಗಿ ಹಾಕಿಸುವವರು ವರ್ಷಕ್ಕೆ ಇಷ್ಟು ಯೂನಿಟ್ ಅನ್ನುವ ಮಾತನ್ನು ಫಿಟ್ಟಿಂಗ್ ಮಾಡುವವರಿಂದ ಬರೆಸಿಕೊಳ್ಳಿ. ಆ ವರ್ಷದ ಬಿಸಿಲನ್ನು ಹೇಗೆ ಲೆಕ್ಕಕ್ಕೆ ಹಿಡಿಯುತ್ತಾರೆ, ಕಡಿಮೆ ಬಿದ್ದರೆ ಏನು ಕೊಡುತ್ತಾರೆ, ಅದೂ ಬರೆದಿರಲಿ. ನಾವು ಬಾಯಿಮಾತಿಗೆ ಒಪ್ಪಿದ್ದೆವು. ಕಂಪನಿ ಉಳಿಯುತ್ತದಾ ಅಂತಲೂ ನೋಡಿ. ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಪ್ಯಾನೆಲ್ ಕಂಪನಿಯಾಗಿದ್ದ ಸನ್‌ಟೆಕ್‌ನ ಮುಖ್ಯ ಘಟಕ 2013ರಲ್ಲಿ ದಿವಾಳಿಯಾಯಿತು. ಜರ್ಮನಿಯ ಸೋಲಾರ್‌ವರ್ಲ್ಡ್ 2017ರಲ್ಲಿ. 25 ವರ್ಷದ ಕಾಗದ ಅವರೂ ಕೊಟ್ಟಿದ್ದರು.

ಬದಲಿ ಪ್ಯಾನೆಲ್‌ಗೆ ಹೊಸ 25 ವರ್ಷ ಸಿಗುವುದಿಲ್ಲ, ಹಳೆಯದರಲ್ಲಿ ಉಳಿದ 19 ಮಾತ್ರ. ಅದರ ಬೆನ್ನ ಮೇಲೆ ಮಾರ್ಕರ್‌ನಲ್ಲಿ ವಾರಂಟಿ ಮುಗಿಯುವ ತಾರೀಕು ಬರೆದಿದ್ದೇನೆ. ಆಗ ನನಗೆ 83 ಆಗಿರುತ್ತದೆ. ನೋಟ್‌ಬುಕ್ ಬರೆಯುವುದು ಹೇಗೆ ಅಂತ ಸೊಸೆಗೆ ಈಗಿನಿಂದಲೇ ತೋರಿಸುತ್ತಿದ್ದೇನೆ. ಅವಳು ಮೊಬೈಲ್‌ನಲ್ಲೇ ಬರೆದುಕೊಳ್ಳುತ್ತಾಳಂತೆ.