ಬೆಳಗಾವಿಯಿಂದ ‘ಕಿತ್ತೂರು ಟ್ರಿಪ್’: ಕಾರು ಚಲೋ, ದಾರಿ ಮಾತ್ರ ನೀವೇ ಹೇಳಬೇಕು

ಬೆಳಗಾವಿಯಲ್ಲಿ ಬಾಡಿಗೆ ಕಾರಿನವರಿಗೆ ‘ಕಿತ್ತೂರು ಟ್ರಿಪ್’ ಅಂದರೆ ಸಾಕು, ಉಳಿದದ್ದನ್ನು ಅವರೇ ಒಪ್ಪಿಸುತ್ತಾರೆ: ಒಂಬತ್ತಕ್ಕೆ ಹೊರಟು ಕಿತ್ತೂರು ಕೋಟೆ, ಆಮೇಲೆ ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ, ಹೊತ್ತಿದ್ದರೆ ಸಂಗೊಳ್ಳಿ, ಐದಕ್ಕೆ ವಾಪಸ್. ಗಾಡಿಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ, ಚಾಲಕರಿಗೆ ರಸ್ತೆ ಬಾಯಿಪಾಠ. ತಕರಾರು ಇರುವುದು ದಾರಿಯ ಬಗ್ಗೆ. ಈ ಪ್ಯಾಕೇಜಿನಲ್ಲಿ ನಂದಗಡ ಇರುವುದಿಲ್ಲ. 1824ರ ಯುದ್ಧದಿಂದ ಶುರುವಾದ ಕಥೆ 1831ರ ಜನವರಿ 26ರಂದು ರಾಯಣ್ಣನ ಗಲ್ಲಿನೊಂದಿಗೆ ಮುಗಿದದ್ದು ಅಲ್ಲಿ. ಅದನ್ನು ಬಿಟ್ಟು ಬಂದರೆ ಕಡೆಯ ಅಂಕ ನೋಡದೆ ಬಯಲಾಟದಿಂದ ಎದ್ದು ಬಂದಂತೆ.

ಬಿಡುವುದಕ್ಕೆ ಅವರು ಕೊಡುವ ಕಾರಣ, ನಂದಗಡ ಖಾನಾಪುರ ತಾಲ್ಲೂಕಿನದು, ‘ಬೇರೆ ಸೈಡ್’ ಎಂಬುದು. ಹೆದ್ದಾರಿಯಲ್ಲೇ ಹಿಂದಿರುಗುವವರಿಗೆ ಅದು ನಿಜ. ಆದರೆ ಕಿತ್ತೂರಿನಿಂದ ಬೀಡಿ ಎಂಬ ಊರಿನ ಮೇಲೆ ನಂದಗಡಕ್ಕೆ ನೇರ ರಸ್ತೆ ಇದೆ, ಅಲ್ಲಿಂದ ಖಾನಾಪುರದ ಮೇಲೆ ಬೆಳಗಾವಿಗೆ ಬರಬಹುದು. ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಲೆಕ್ಕ ಹಾಕುವುದು ರೂಢಿ. ಕಿತ್ತೂರು, ಬೈಲಹೊಂಗಲ, ಸಂಗೊಳ್ಳಿ ಮುಗಿಸಿ, ಮತ್ತೆ ಕಿತ್ತೂರಿಗೆ ಬಂದು, ಬೀಡಿ, ನಂದಗಡ, ಖಾನಾಪುರ ಸುತ್ತಿದರೂ 250 ದಾಟುವುದಿಲ್ಲ. ಅಂದರೆ ದುಡ್ಡು ಹೇಗೂ ಹೋಗುತ್ತದೆ, ದಾರಿಯನ್ನೂ ಪೂರ್ತಿ ಬಳಸಿಕೊಳ್ಳಿ. ಬುಕ್ ಮಾಡುವಾಗಲೇ ‘ಬೀಡಿ ಮೇಲೆ ನಂದಗಡ’ ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮಧ್ಯಾಹ್ನ ಹೇಳಿದರೆ ಹೆಚ್ಚುವರಿ ಬಾಡಿಗೆಯ ಮಾತು ಏಳುತ್ತದೆ. ಚಾಲಕರ ಬಾಟಾ, ಹಿರೇಬಾಗೇವಾಡಿ ಟೋಲ್, ಪಾರ್ಕಿಂಗ್ ಇವು ಬಾಡಿಗೆಯಲ್ಲಿ ಸೇರಿವೆಯೋ ಇಲ್ಲವೋ ಆಗಲೇ ಕೇಳಿ. ಕಿಲೋಮೀಟರ್ ಎಣಿಕೆ ನಿಮ್ಮ ಮನೆಯಿಂದಲೋ ಅವರ ಸ್ಟ್ಯಾಂಡಿನಿಂದಲೋ ಎಂಬುದೂ ಖಚಿತವಾಗಲಿ. ಹತ್ತುವಾಗ ಮೀಟರಿನ ಫೋಟೋ ತೆಗೆದುಕೊಂಡರೆ ಇಳಿಯುವಾಗ ವಾದವಿರುವುದಿಲ್ಲ.

ಒಂಬತ್ತಕ್ಕೆ ಹೊರಟರೆ ಇಷ್ಟೆಲ್ಲ ಆಗದು. ಏಳಕ್ಕೆ ಬಿಡಬೇಕು. ಕಿತ್ತೂರು ಸುಮಾರು 50 ಕಿ.ಮೀ. ಕೋಟೆಯೊಳಗಿನ ಅರಮನೆಗೆ ಈಗ ಚಾವಣಿ ಇಲ್ಲ, ನೆರಳೂ ಇಲ್ಲ, ಹತ್ತೂವರೆಯ ಮೇಲೆ ನೆತ್ತಿ ಸುಡುತ್ತದೆ. ಆದ್ದರಿಂದ ಮೊದಲು ಅರಮನೆಯ ಅವಶೇಷ, ಬಿಸಿಲೇರಿದ ಮೇಲೆ ವಸ್ತುಸಂಗ್ರಹಾಲಯ. ರಾಜ್ಯ ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿಗೆ ಸೋಮವಾರ ರಜೆ, ಆ ದಿನ ಬಿಟ್ಟುಬಿಡಿ.

ಅರಮನೆಯಲ್ಲಿ ಅರ್ಧ ಗಂಟೆ ಸಾಕು ಎನ್ನುತ್ತಾರೆ ಚಾಲಕರು. ಸಾಲದು. ಸ್ನಾನದ ಕೋಣೆಗಳು, ನೀರಿನ ತೊಟ್ಟಿ, ಗೋಡೆಯೊಳಗಿಂದ ನೀರು ಹಾಯಿಸುತ್ತಿದ್ದ ಕೊಳವೆ, ಇವನ್ನು ಒಂದರ ಹಿಂದೊಂದು ಹಿಡಿದು ನಡೆದರೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಎಂದು ಗೊತ್ತಾಗುತ್ತದೆ. ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಬಿಟ್ಟ ಕಿಂಡಿಗೆ ಎಲ್ಲರೂ ಕಣ್ಣಿಟ್ಟು, ಏನೂ ಕಾಣಲಿಲ್ಲವೆಂದು ಮುಂದೆ ಹೋಗುತ್ತಾರೆ. ಹಗಲಲ್ಲಿ ಕಾಣುವುದು ಒಂದು ಚೂರು ಆಕಾಶ ಮಾತ್ರ. ಗಮನಿಸಬೇಕಾದ್ದು ಅದರ ಓರೆ. ಕಿತ್ತೂರಿನ ಅಕ್ಷಾಂಶ ಸುಮಾರು 15.6 ಡಿಗ್ರಿ, ಆದ್ದರಿಂದ ಧ್ರುವ ನಕ್ಷತ್ರವೂ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ನಿಲ್ಲುತ್ತದೆ. ಬಡಗಣಕ್ಕೆ, ತೀರ ಕೆಳಗೆ. ಕಾವಲು ಗೋಪುರವಿದ್ದ ಗಡಾದ ಮರಡಿ ಹತ್ತಿರದಲ್ಲೇ ಇದೆ, ಕೇಳದಿದ್ದರೆ ಯಾರೂ ನಿಲ್ಲಿಸುವುದಿಲ್ಲ.

ಗೈಡ್ ವಿಷಯ. ಪ್ಯಾಕೇಜಿನಲ್ಲಿ ಗೈಡ್ ಇರುವುದು ಅಪರೂಪ, ಚಾಲಕರೇ ಕಥೆ ಹೇಳುತ್ತಾರೆ. ರಸವತ್ತಾಗಿ ಹೇಳುತ್ತಾರೆ, ಅದರಲ್ಲಿ ಎರಡು ತಪ್ಪು ಮತ್ತೆ ಮತ್ತೆ ಬರುತ್ತವೆ. ‘ಡಾಲ್‌ಹೌಸಿಯ ದತ್ತಕ ಕಾನೂನಿನಿಂದ ಯುದ್ಧವಾಯಿತು’ ಎಂಬುದು ಮೊದಲನೆಯದು. ದತ್ತು ಮಗನನ್ನು ಕಂಪನಿ ಒಪ್ಪದಿದ್ದದ್ದು ನಿಜ, ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಚೆನ್ನಮ್ಮನೇ ಕೊಂದಳು ಎಂಬುದು ಇನ್ನೊಂದು. 1824ರ ಅಕ್ಟೋಬರ್ 23ರಂದು ಅವನಿಗೆ ಗುಂಡು ಹೊಡೆದವನು ಚೆನ್ನಮ್ಮನ ಕಡೆಯ ಅಮಟೂರು ಬಾಳಪ್ಪ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದದ್ದನ್ನು ಮಾತ್ರ ಹೆಚ್ಚಿನವರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಬೈಲಹೊಂಗಲದಲ್ಲಿ ಹೆಚ್ಚು ಹೊತ್ತು ಬೇಡ. ಸೆರೆಯಲ್ಲೇ 1829ರಲ್ಲಿ ತೀರಿಕೊಂಡ ಚೆನ್ನಮ್ಮನ ಸಮಾಧಿ ಊರೊಳಗೇ ಇದೆ. ಊಟಕ್ಕೆ ಇದೇ ಸರಿಯಾದ ಊರು, ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ, ಪಲ್ಯ, ಕಾಳು ಸಿಗುತ್ತದೆ. ಮುಂದೆ ನಂದಗಡದವರೆಗೆ ನೆಚ್ಚಿಕೊಳ್ಳುವಂಥ ಊಟವಿಲ್ಲ ಎಂದುಕೊಂಡೇ ಹೊರಡಿ. ಸಂಗೊಳ್ಳಿಯ ಗುಡಿಯಲ್ಲಿ ರಾಯಣ್ಣನ ಮೂರ್ತಿಯ ಎರಡೂ ಬದಿಗೆ ಕಸರತ್ತಿನ ಮರದ ಭಾರಗಳಿವೆ, ಅವುಗಳಲ್ಲೊಂದು ಅವನು ಎತ್ತುತ್ತಿದ್ದದ್ದೇ ಎಂದು ಊರವರು ಹೇಳುತ್ತಾರೆ. ಯಾವುದು ಎಂದು ಅಲ್ಲಿರುವ ಹಿರಿಯರನ್ನೇ ಕೇಳಿ.

ನಂದಗಡಕ್ಕೆ ನಾಲ್ಕೂವರೆಯೊಳಗೆ ಮುಟ್ಟಬೇಕು, ಯಾಕೆಂದರೆ ಅಲ್ಲಿ ನೋಡುವ ಜಾಗ ಎರಡು, ಎರಡರಲ್ಲೂ ಆಲದ ಮರ. ಒಂದು ರಾಯಣ್ಣನ ಸಮಾಧಿ: ಅವನ ಸಂಗಾತಿ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟದ್ದೆನ್ನುವ ಆಲ, ಪಕ್ಕದಲ್ಲಿ ಅಶೋಕ ಸ್ತಂಭ. ಮಕ್ಕಳ ಹರಕೆ ಹೊತ್ತವರು ಕಟ್ಟಿದ ಮರದ ತೊಟ್ಟಿಲುಗಳೂ ಇಲ್ಲಿವೆ. ಇನ್ನೊಂದು ಊರಿನಿಂದ ಕೆಲವು ಕಿಲೋಮೀಟರ್ ಆಚೆ, ಗಲ್ಲಿಗೇರಿಸಿದ ಜಾಗ. ಒಂದನ್ನೇ ತೋರಿಸಿ ‘ಇದ ಅದ ಗಿಡ್ರೀ ಸಾಹೇಬ್ರ’ ಅಂದುಬಿಡುವುದುಂಟು. ಸ್ತಂಭ ಕಂಡರೆ ನೀವು ಸಮಾಧಿಯಲ್ಲಿದ್ದೀರಿ, ಇನ್ನೊಂದು ಬಾಕಿ ಇದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾನಾಪುರ ಕಡೆ ಮಳೆ ಜೋರು, ಮೋಡಕ್ಕೆ ಬೇಗ ಕತ್ತಲು ಕವಿಯುತ್ತದೆ. ಆಗ ಸಂಗೊಳ್ಳಿಯನ್ನೋ ಬೈಲಹೊಂಗಲವನ್ನೋ ಕೈಬಿಟ್ಟು ನಂದಗಡವನ್ನು ಉಳಿಸಿಕೊಳ್ಳಿ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ, ಜನವರಿ 26ಕ್ಕೆ ನಂದಗಡದಲ್ಲಿ ಜನಸಾಗರ. ಜಾತ್ರೆ ಬೇಕಾದವರು ಆ ದಿನ ಹೋಗಲಿ, ಕಲ್ಲು ನೋಡಬೇಕಾದವರು ಒಂದು ವಾರ ಬಿಟ್ಟು. ಒಬ್ಬರೇ ಅಥವಾ ಇಬ್ಬರೇ ಇದ್ದರೆ ಕಾರು ದುಬಾರಿ ಬೀಳುತ್ತದೆ. ಧಾರವಾಡದ ಬಸ್ಸು ಹತ್ತಿ ಕಿತ್ತೂರನ್ನಷ್ಟೇ ನೋಡಿ ಬನ್ನಿ. ಊರೊಳಗೆ ಹೋಗುತ್ತದೋ ಹೆದ್ದಾರಿಯಲ್ಲೇ ಇಳಿಸುತ್ತದೋ ಎಂದು ಕಂಡಕ್ಟರನ್ನು ಹತ್ತುವ ಮೊದಲೇ ಕೇಳಿ.