ಲೈವ್-ಬಿಲ್ಡ್: ಶಾಲೆಯ ಲ್ಯಾಬಿಗೆ ನಮ್ಮದೇ ಡೆಬಿಯನ್

ಹಳೇ ಪಿಸಿಗಳಿರುವ ಶಾಲೆಯ ಲ್ಯಾಬನ್ನು ನೋಡಿಕೊಳ್ಳುವವರಿಗೆ ಗೊತ್ತು, ಒಂದೊಂದು ಮಿಷನ್ ಮುಂದೆ ಕೂತು ಇನ್‌ಸ್ಟಾಲ್ ಮಾಡೋದು ಎಂಥ ತಲೆನೋವು ಅಂತ. ಅದಕ್ಕೇ ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಲೈವ್-ಬಿಲ್ಡ್ ಹಿಡಿದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವ ('ಲೈವ್') ಡೆಬಿಯನ್ ಅನ್ನು ನಮಗೆ ಬೇಕಾದಂತೆ ಕಟ್ಟಿಕೊಡುವ ಸಾಧನ ಅದು. ಡೆಬಿಯನ್ 12 ಇದ್ದಾಗ ಶುರು ಮಾಡಿದ್ದು, ಈಗ 13ರಲ್ಲೂ ಅದೇ ಬಳಸುತ್ತಿದ್ದೇನೆ.

ಎಲ್ಲ ಕೆಲಸವೂ ಟರ್ಮಿನಲ್‌ನಲ್ಲೇ. ಖಾಲಿ ಫೋಲ್ಡರ್‌ನಲ್ಲಿ 'ಎಲ್‌ಬಿ ಕಾನ್ಫಿಗ್' (lb config) ಅನ್ನೋ ಆಜ್ಞೆ ಕೊಡಬೇಕು. ಬೇಕಾದ ಪ್ಯಾಕೇಜ್‌ಗಳ (ತಂತ್ರಾಂಶಗಳ) ಹೆಸರನ್ನು ಒಂದು ಪಟ್ಟಿಯಲ್ಲಿ ಬರೆಯಬೇಕು. ಆಮೇಲೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ 'ಎಲ್‌ಬಿ ಬಿಲ್ಡ್'. ಅದು ಎಲ್ಲವನ್ನೂ ಇಳಿಸಿ, ಜೋಡಿಸಿ, ಸ್ಕ್ವಾಶ್‌ಎಫ್‌ಎಸ್ ಅನ್ನೋ ರೂಪದಲ್ಲಿ ಕುಗ್ಗಿಸಿ ಐಎಸ್‌ಒ (ಇಡೀ ಸಿಸ್ಟಂ ಇರುವ ಒಂದೇ ಫೈಲ್) ಕೊಡುತ್ತದೆ. ಅದನ್ನು ಮೊದಲು ಕ್ಯೂಎಮು (ಪಿಸಿಯೊಳಗೇ ಇನ್ನೊಂದು ಪಿಸಿಯಂತೆ ನಡೆಯುವ ತಂತ್ರಾಂಶ) ಒಳಗೆ ಬೂಟ್ ಮಾಡಿ ನೋಡುತ್ತೇನೆ, ಸರಿ ಇದ್ದರೆ ಡಿಡಿ ಅನ್ನೋ ನಕಲು ಆಜ್ಞೆಯಿಂದ ಪೆನ್‌ಡ್ರೈವ್‌ಗೆ.

ನನ್ನ ಪಟ್ಟಿ ಚಿಕ್ಕದು: ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಲಿಬ್ರೆಆಫೀಸ್, ಚಿಕ್ಕ ಮಕ್ಕಳಿಗೆ ಜಿಕಾಂಪ್ರಿಸ್ ಕಲಿಕೆಯ ಆಟಗಳು. ಕನ್ನಡಕ್ಕೆ 'ಫಾಂಟ್ಸ್-ಕೆಎನ್‌ಡಿಎ' ಅಂತ ಒಂದೇ ಹೆಸರು ಬರೆದರೆ ಸಾಕು, ಗುಬ್ಬಿ, ನವಿಲು, ಲೋಹಿತ್ ಮೂರೂ ಫಾಂಟ್‌ಗಳು ಬರುತ್ತವೆ. ಟೈಪಿಂಗ್‌ಗೆ ಐಬಸ್-ಎಂ17ಎನ್ ಸೇರಿಸಿದರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಬೋರ್ಡ್ ವಿನ್ಯಾಸವೂ ಸಿಗುತ್ತದೆ. ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳನ್ನು ಮಾತ್ರ ಇಟಿಸಿ ಒಳಗಿನ ಸ್ಕೆಲ್ (/etc/skel) ಫೋಲ್ಡರ್‌ಗೆ ಹಾಕಬೇಕು. ಲೈವ್ ಬಳಕೆದಾರನ ಹೋಮ್ ಫೋಲ್ಡರ್ ಹುಟ್ಟುವುದೇ ಬೂಟ್ ಆಗುವಾಗ, ಸ್ಕೆಲ್‌ನಲ್ಲಿ ಇದ್ದದ್ದು ಆಗ ಅಲ್ಲಿಗೆ ಕಾಪಿ ಆಗುತ್ತದೆ.

ಲ್ಯಾಬಿನಲ್ಲಿ ಇದರ ದೊಡ್ಡ ಲಾಭ ಬೇರೆಯೇ. ಮಕ್ಕಳು ವಾಲ್‌ಪೇಪರ್ ಬದಲಾಯಿಸಲಿ, ಪ್ಯಾನೆಲ್ಲನ್ನೇ ಕಿತ್ತು ಹಾಕಲಿ, ಅದೆಲ್ಲ ರ‍್ಯಾಮ್‌ನಲ್ಲಿ ಮಾತ್ರ. ರೀಸ್ಟಾರ್ಟ್ ಮಾಡಿದರೆ ಮತ್ತೆ ಹೊಸದು. ಮೇಷ್ಟ್ರುಗಳಿಗೆ ಫೈಲ್ ಉಳಿಯಲೇಬೇಕು, ಅಲ್ವಾ? ಅವರ ಪೆನ್‌ಡ್ರೈವ್‌ನಲ್ಲಿ 'ಪರ್ಸಿಸ್ಟೆನ್ಸ್' ಅನ್ನೋ ಲೇಬಲ್ ಇರುವ ಇನ್ನೊಂದು ಪಾರ್ಟಿಷನ್ ಮಾಡಿ, ಬೂಟ್ ಆಗುವಾಗ ಕೊಡುವ ಆಯ್ಕೆಗಳ ಸಾಲಿಗೂ ಅದೇ ಪದ ಸೇರಿಸಿದ್ದೇನೆ. ಆ ಪಾರ್ಟಿಷನ್ ಒಳಗೆ ಏನನ್ನು ಉಳಿಸಬೇಕು ಅಂತ ಹೇಳುವ ಪುಟ್ಟ ಫೈಲ್ ಬೇಕು, ಅದಿಲ್ಲದಿದ್ದರೆ ಏನೂ ಉಳಿಯಲ್ಲ.

ಕಿರಿಕಿರಿ ಇಲ್ಲವೆಂದಲ್ಲ. ಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ಬಿಲ್ಡ್ ಅರ್ಧಕ್ಕೆ ನಿಲ್ಲುತ್ತದೆ, ಕಾರಣ ಹುಡುಕಲು ಉದ್ದದ ಲಾಗ್ ಜಾಲಾಡಬೇಕು. ಮತ್ತೆ ಕಟ್ಟುವ ಮೊದಲು ಹಳೆಯದನ್ನು ಅಳಿಸಲು 'ಎಲ್‌ಬಿ ಕ್ಲೀನ್' ಮಾತ್ರ ಕೊಟ್ಟರೆ ಇಳಿಸಿದ ಪ್ಯಾಕೇಜ್‌ಗಳು ಉಳಿಯುತ್ತವೆ. ಸುಮ್ನೆ 'ಪರ್ಜ್' ಸೇರಿಸಿದಿರೋ, ಎಲ್ಲ ಮೊದಲಿಂದ ಇಳಿಸಬೇಕು, ನಿಧಾನದ ನೆಟ್‌ನಲ್ಲಿ ಅರ್ಧ ದಿನ ಹೋದಂತೆಯೇ. ನಾವು ಹೇಳದಿದ್ದರೆ ಲೈವ್-ಬಿಲ್ಡ್ ಡೆಬಿಯನ್ ಪ್ಯಾಕೇಜ್ ಸಂಗ್ರಹದ 'ಮೇನ್' ವಿಭಾಗ ಮಾತ್ರ ತೆಗೆದುಕೊಳ್ಳುತ್ತದೆ. ಡೆಬಿಯನ್ 12ರಿಂದ ಬೇರೆಯೇ ಆಗಿರುವ 'ನಾನ್-ಫ್ರೀ-ಫರ್ಮ್‌ವೇರ್' ವಿಭಾಗವನ್ನು ಸೇರಿಸದಿದ್ದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾಣುವುದೇ ಇಲ್ಲ.

ಒಂದೇ ಪಿಸಿ ಇರುವವರಿಗೆ ಇಷ್ಟೆಲ್ಲ ಬೇಡ, ಡೆಬಿಯನ್‌ನವರ ಸಿದ್ಧ ಲೈವ್ ಐಎಸ್‌ಒ ಸಾಕು. ಮತ್ತೆ ಮತ್ತೆ ಕಟ್ಟಬೇಕಾದವರಿಗೆ ಇದರ ಬೆಲೆ ಗೊತ್ತಾಗುತ್ತದೆ. 2025ರ ಆಗಸ್ಟ್‌ನಲ್ಲಿ 13 ಬಂದಾಗ 12ರ ಹೆಸರಾದ 'ಬುಕ್‌ವರ್ಮ್' ಇದ್ದ ಕಡೆ 13ರ ಹೆಸರು 'ಟ್ರಿಕ್ಸಿ' ಅಂತ ಬರೆದು ಮತ್ತೆ ಕಟ್ಟಿದೆ, ಉಳಿದದ್ದೆಲ್ಲ ಹಾಗೇ. ಆದರೆ 13ರಲ್ಲಿ 32 ಬಿಟ್ ಪಿಸಿಗಳಿಗೆ ಸಿಸ್ಟಂನ ತಿರುಳಾದ ಕರ್ನಲ್ಲೇ ಇಲ್ಲ. ಮೂಲೆಯಲ್ಲಿರುವ ಅಂಥ ಹಳೇ ಮಿಷನ್‌ಗಳಿಗೆ ಬೇರೆ ಫೋಲ್ಡರ್ ಇಟ್ಟುಕೊಂಡು ಈಗಲೂ 12ನ್ನೇ ಕಟ್ಟುತ್ತಿದ್ದೇನೆ.